ಫೋನ್ ಇಡುವಾಗ ಅಂದ ‘ಆತು’

ಕಾಲುವೆಯ ಕಸ ತೆಗೆಯಲು ನಾವು ಹೋಗುವುದು ಭಾನುವಾರ. ಯಾರೂ ಕೂಲಿ ಕೊಡುವುದಿಲ್ಲ, ಯಾರೂ ಕರೆಯುವುದೂ ಇಲ್ಲ. ಹಿಪ್ಪರಗಿ ಕಡೆಯಿಂದ ಬರುವ ನೀರು ಕೊನೆಯ ಹೊಲಗಳ ಕಬ್ಬಿಗೆ ಮುಟ್ಟಬೇಕಾದರೆ ನೀರಿನ ಮೇಲೆ ಹಬ್ಬುವ ಅಂತರಗಂಗೆ ಕಸವನ್ನು ಯಾರಾದರೂ ಕೀಳಲೇಬೇಕು. ರಬಕವಿಯ ಗ್ರಿಲ್ ಅಂಗಡಿಯಲ್ಲಿ ವೆಲ್ಡಿಂಗ್ ಮಾಡಿಸಿದ ಎರಡು ತಗಡಿನ ದೋಣಿಗಳಿವೆ. ಮೋಟಾರಿಲ್ಲ. ದಂಡೆಯ ಮೇಲಿನವರು ಹಗ್ಗದಿಂದ ಎಳೆಯುತ್ತಾರೆ, ಒಳಗಿದ್ದವರು ಕುಡಗೋಲಿನಿಂದ ಕೊಯ್ದು ತುಂಬುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಭುಜ ನಮ್ಮದಲ್ಲ ಅನ್ನಿಸುತ್ತದೆ. ಮುಂದಿನ ವಾರ ಬಂದರೆ ಕಸ ಮತ್ತೆ ಅಷ್ಟೇ ಬೆಳೆದಿರುತ್ತದೆ.

ನಾನು ಜಮಖಂಡಿಯ ಕಾಲೇಜಿನಲ್ಲಿ ಪಾಠ ಹೇಳುವವನು. ಮೊದಲ ದಿನವೇ ನನ್ನ ಕೈಯಿಂದ ಕುಡಗೋಲು ಕಿತ್ತುಕೊಂಡವನು ನನ್ನ ಕಾಕಾ. "ಇವನ ಕೈಯಾಗ ಕೊಟ್ರ ಕಸಾ ಉಳಿತೈತಿ, ಬೆರಳ ಹೋಗ್ತಾವ" ಎಂದು ಎಲ್ಲರನ್ನೂ ನಗಿಸಿ, ನನಗೆ ಫೋನಿನ ಕೆಲಸ ಹಚ್ಚಿದ. ನಾವು ದುಡಿಯುವಷ್ಟು ಹೊತ್ತು ಮೇಲಿನ ಗೇಟು ಮುಚ್ಚಿರುತ್ತದೆ. ದೋಣಿಗಳು ದಂಡೆಗೆ ಬಂದ ಮೇಲೆ ನಾನು ಗೇಟಿನವನಿಗೆ ಹೇಳಬೇಕು, ಅವನು ನೀರು ಬಿಡಬೇಕು. ಅಷ್ಟೇ.

ಆ ದಿನ ಕಾಕಾ ಸಣ್ಣ ಸೇತುವೆಯ ಕೆಳಗೆ, ಕಂಬಕ್ಕೆ ಸುತ್ತಿಕೊಂಡ ಕಸವನ್ನು ದೋಣಿಯಲ್ಲಿ ಒಬ್ಬನೇ ಕೊಯ್ಯುತ್ತಿದ್ದ. ಫೋನು ಬಂತು. ಗೇಟಿನವನ ಮಾತು ಹರಿದು ಹರಿದು ಬರುತ್ತಿತ್ತು. ಆಮೇಲೆ ಮತ್ತೆ ಮಾಡುತ್ತೇನೆ ಅಂದಿರಬೇಕೆಂದು ತಿಳಿದೆ. ನಮ್ಮ ಕಡೆ ಎಲ್ಲರೂ ಫೋನ್ ಇಡುವಾಗ ಅನ್ನುವಂತೆ "ಆತ್ರಿ, ಆತ್ರಿ" ಅಂದು ಇಟ್ಟೆ. ಅವನು ಕೇಳಿದ್ದು "ಆತೇನ್ರಿ?" ಎಂದು. ಕೆಲಸ ಮುಗಿಯಿತೇ ಎಂದು.

ಮೊದಲು ಕಂಡದ್ದು ನೀರಲ್ಲ. ಯಾರೂ ಎಳೆಯದೆ ಕಸ ತಾನೇ ನಡೆಯತೊಡಗಿತು. ವರ್ಷಗಟ್ಟಲೆ ಪವರ್‌ಲೂಮಿನ ಸದ್ದಿನಲ್ಲಿ ದುಡಿದು ಕಾಕಾನ ಕಿವಿ ಮಂದ. ನಾವು ಕೂಗಿದ್ದು ಅವನಿಗೆ ಮುಟ್ಟಲಿಲ್ಲ. ಕಸದ ರಾಶಿ ಬಂದು ದೋಣಿಯನ್ನು ಒತ್ತಿತು. ನೀರು ಏರಿದಂತೆ ಸೇತುವೆಯ ಅಡಿಗೂ ದೋಣಿಯ ಅಂಚಿಗೂ ನಡುವಿನ ಜಾಗ ಮೊಳವಿದ್ದದ್ದು ಗೇಣಾಯಿತು. ನಾನು ಫೋನ್ ಮಾಡುತ್ತಲೇ ಇದ್ದೆ. ನೀರಿನ ಸದ್ದಿನಲ್ಲಿ ಗೇಟಿನವನು ಎತ್ತಲಿಲ್ಲ. ಜಾಲಿ ಮರಕ್ಕೆ ಕಟ್ಟಿದ ದೋಣಿಯ ಹಗ್ಗ ಬಿಗಿದು ಗಂಟು ಬಿಚ್ಚದಾಗ ದಂಡೆಯವರು ಅದನ್ನೇ ಕೊಯ್ದರು. ದೋಣಿ ಸೇತುವೆಯ ಆ ಬದಿಗೆ ಹೊರಬಿತ್ತು. ಕಾಕಾ ಹಸಿ ಕಸದ ಮೇಲೆ ಅಂಗಾತ ಮಲಗಿದ್ದ. ಹಣೆಯ ಚರ್ಮ ಸುಲಿದಿತ್ತು. ಉಸಿರಾಡುತ್ತಿದ್ದ.

ಗೇಟಿನವನು ಬೈಕಿನ ಮೇಲೆ ಬಂದ. ಎಲ್ಲರೂ ಅವನನ್ನು ಬೈದರು. "ಮಾಸ್ತರ ಆತು ಅಂದ್ರು, ಬಿಟ್ನಿ" ಅಂದ. ಎಲ್ಲರೂ ನನ್ನ ಕಡೆ ನೋಡಿದರು. ಹಣೆಗೆ ಟವೆಲ್ ಒತ್ತಿಕೊಂಡಿದ್ದ ಕಾಕಾನಿಗೆ ನಡೆದದ್ದನ್ನು ಎರಡು ಸಲ ಹೇಳಬೇಕಾಯಿತು. "ಅಂವಾ ಫೋನ್ ಇಡಾಕ ಅಂದಾನ, ನೀ ನೀರ ಬಿಡಾಕ ಕೇಳೀದಿ" ಎಂದು ಕಾಕಾ ಗೇಟಿನವನಿಗೆ ಅಂದ. ಆ ಮಾತಿಗೆ ಕೆಲವರು ನಕ್ಕರು ಕೂಡ.

ನನ್ನ ಕಣ್ಣ ಮುಂದಿನಿಂದ ಆ ಗೇಣು ಜಾಗ ಹೋಗಿಲ್ಲ. ಪಾಠದ ನಡುವೆ, ಮುಧೋಳದ ಬಸ್ಸಿನಲ್ಲಿ, ಅದು ಮತ್ತೆ ಕಿರಿದಾಗುತ್ತದೆ. ಮನೆಯವರು ಕಾಯಿಪಲ್ಲೆ ತರಲು ಹೇಳಿದರೂ ‘ಆತು’ ಅನ್ನದೆ ‘ಹೂಂ’ ಅಂದು ಫೋನ್ ಇಡುತ್ತೇನೆ.

ಹಣೆ ಮಾಯ್ದ ಮೇಲೆ ಕಾಕಾ ಮತ್ತೆ ದೋಣಿ ಹತ್ತಿದ. ಫೋನ್ ಬೇರೆಯವರಿಗೆ ಕೊಡುತ್ತೇನೆ ಅಂದರೆ ಯಾರೂ ಕೈ ಚಾಚಲಿಲ್ಲ. ಆ ಭಾನುವಾರ ಕೆಲಸ ಮುಗಿಯಿತು, ಎರಡೂ ದೋಣಿ ಕಟ್ಟಿದ್ದಾಯಿತು, ಕಾಕಾ ನನ್ನೆದುರಿಗೇ ರೊಟ್ಟಿ ಬಿಚ್ಚಿಕೊಂಡು ಕೂತಿದ್ದ. ಗೇಟಿನವನು ಫೋನ್ ಮಾಡಿ, ಈ ಸಲ ಬಿಡಿಸಿ ಬಿಡಿಸಿ ಕೇಳಿದ. "ಇಲ್ರಿ, ಕಾಕಾ ಇನ್ನೂ ಒಳಗದಾನ" ಅಂದೆ.

ತುಟಿ ನೋಡಿ ಮಾತು ಹಿಡಿಯುವ ಕಾಕಾ ತಲೆ ಎತ್ತಿದ. "ನಾ ಇಲ್ಲೇ ಕುಂತೇನಲ್ಲೋ ತಮ್ಮಾ."

‘ಆತು’ ಅನ್ನುವುದು ನನ್ನಿಂದ ಆಗಲಿಲ್ಲ. ಫೋನನ್ನು ಅವನ ಕಡೆ ಚಾಚಿದೆ. ಆ ಕಡೆಯವನು ಏನು ಅನ್ನುತ್ತಿದ್ದನೋ ಅವನಿಗೆ ಕೇಳುವಂತಿರಲಿಲ್ಲ. ಬಾಯಲ್ಲಿನ ತುತ್ತು ನುಂಗಿ, ಮಗ್ಗದ ಮುಂದೆ ನಿಂತವನಂತೆ ಕೂಗಿ ಹೇಳಿದ: "ಆತು, ಬಿಡ್ರಿ ನೀರ."