ಅಮೀನಕ್ಕನ ಥರ್ಮಾಮೀಟರ್

ನಮ್ಮಕ್ಕ ಕೋರ್ಟಿನಲ್ಲಿ ಅಮೀನ. ಜಡ್ಜು ಬರೆದ ಆದೇಶವನ್ನು ಜನರ ಮನೆಬಾಗಿಲಲ್ಲಿ ನಿಂತು ಜಾರಿ ಮಾಡಿಸುವ ಕೆಲಸ. ಅವಳ ಚೀಲದಲ್ಲಿ ಸದಾ ಒಂದು ಥರ್ಮಾಮೀಟರ್ ಇರುತ್ತದೆ. ಬೇರೆಯಾದ ಗಂಡನ ಅಥವಾ ಹೆಂಡತಿಯ ಜೊತೆ ಮಕ್ಕಳನ್ನು ಕಳಿಸಲು ಮನಸ್ಸಿಲ್ಲದವರಿಗೆ ಜ್ವರದಷ್ಟು ಸಲೀಸಾದ ನೆಪ ಬೇರೊಂದಿಲ್ಲ. ನೆಪ ಹೇಳುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

ವಿಚ್ಛೇದನವಾಗಿದ್ದ ಒಬ್ಬ ಬಡಗಿಗೆ ಪ್ರತಿ ಶನಿವಾರ ಹತ್ತರಿಂದ ಐದರವರೆಗೆ ಮಗಳ ಜೊತೆ ಇರಲು ಆದೇಶವಿತ್ತು. ಮೂರು ವಾರ ತಾಯಿ "ಮಗುಗೆ ಜ್ವರ" ಎಂದು ಬಾಗಿಲಿಂದಲೇ ಅಟ್ಟಿದ್ದಳು. ನಾಲ್ಕನೆಯ ವಾರ ಅವನ ಜೊತೆ ಅಕ್ಕ ಹೋದಳು. ಮತ್ತೆ ಅದೇ ಮಾತು. ಅಕ್ಕ ಒಳಗೆ ಹೋಗಿ ಥರ್ಮಾಮೀಟರ್ ಇಟ್ಟಳು. ಗ್ರಹಚಾರಕ್ಕೆ ಅವತ್ತು ಜ್ವರ ನಿಜವಾಗಿಯೂ ಇತ್ತು, ನೂರಾ ಎರಡು.

"ನೋಡಿದ್ರಲ್ಲ, ಇನ್ನು ಹೊರಡಿ," ಎಂದಳು ತಾಯಿ. ಬಡಗಿ ಮೆಟ್ಟಿಲಿಳಿದ.

"ಎಲ್ಲಿಗ್ರೀ ಹೊರಟ್ರಿ? ವಾಪಸ್ ಬನ್ನಿ," ಎಂದು ಅಕ್ಕ ಗದರಿದಳು. ಆಮೇಲೆ ತಾಯಿಗೆ ಹೇಳಿದಳು: "ನೋಡಮ್ಮಾ, ಮಗು ಎಲ್ಲಿಗೂ ಹೋಗೋದು ಬೇಡ. ಆದ್ರೆ ಹುಷಾರಾಗಿದ್ರೆ ಮಾತ್ರ ಅಪ್ಪ ನೋಡ್ಬೇಕು ಅಂತ ಆದೇಶದಲ್ಲಿ ಎಲ್ಲೂ ಬರೆದಿಲ್ಲ. ಇವರು ಮಂಚದ ಪಕ್ಕ ಕೂತ್ಕೋತಾರೆ."

ಐದರವರೆಗೂ ಅಕ್ಕ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಳು. ಬಡಗಿ ಮಗಳ ಹಣೆಯ ಒದ್ದೆಬಟ್ಟೆ ಬದಲಿಸುತ್ತಲೇ ಇದ್ದ. ಮೂರು ಗಂಟೆಗೆ ತಾಯಿ ಅವನ ಮುಖ ನೋಡದೆಯೇ, "ಈಗ ಎಷ್ಟಿದೆ?" ಎಂದು ಕೇಳಿದಳು.

"ನೂರಕ್ಕೆ ಇಳಿದಿದೆ," ಎಂದನವನು.

ಅಮೀನರು ಬಂದರೆ ಮನೆಯಿಂದ ಏನಾದರೂ ಎತ್ತಿಕೊಂಡೇ ಹೋಗುತ್ತಾರೆ ಎಂದು ಜನ ಹೆದರುತ್ತಾರೆ. ನಮ್ಮಕ್ಕ ಅವತ್ತು ತನ್ನ ಥರ್ಮಾಮೀಟರನ್ನೇ ಅಲ್ಲಿ ಬಿಟ್ಟು ಬಂದಳು.