ಹೆಗಾರ್ಟಿ ಹೊಲದ ಮಳೆಮಾಪಕ

ನರ್ರಾಬಿನ್ ನದಿಮುಖದಲ್ಲಿ ಸಿಂಪಿ ಬೆಳೆಯುವ ಲೆಸ್ ಟ್ರೆವೆನಾಗೆ ಅರವತ್ತೆಂಟು ವರ್ಷ. ಅಷ್ಟು ವರ್ಷದಲ್ಲಿ ಅವನು ಪೂರ್ತಿ ನಂಬಿದ್ದು ಎರಡನ್ನೇ: ತೀರಿಹೋದ ಹೆಂಡತಿಯನ್ನು, ಮತ್ತೆ ತನ್ನ ಮೂಗನ್ನು. ಅವನ ಸಿಂಪಿಯ ಚಿಪ್ಪು ತೆರೆದು ಮಾಂಸ ಹಸಿಯಾಗಿ ತಿಂದು ಒಬ್ಬರಿಗೂ ಹೊಟ್ಟೆ ಕೆಟ್ಟಿರಲಿಲ್ಲ. ಆ ಹೆಸರೇ ಅವನ ಬದುಕು.

ಮೇಲ್ಗಡೆ ಜೋರು ಮಳೆಯಾದರೆ ಸಗಣಿ ಗಂಜಲವೆಲ್ಲ ನದಿಗಿಳಿಯುತ್ತದೆ. ಸಿಂಪಿ ಆ ನೀರನ್ನೇ ಕುಡಿಯುವುದರಿಂದ, ನೀರು ಶುದ್ಧವಾಗುವವರೆಗೆ ಅದನ್ನು ಎತ್ತುವಂತಿಲ್ಲ. ಅದಕ್ಕೇ ಬೆಳೆಗಾರರ ಸಂಘ, ಮೇಲ್ಗಡೆ ದನ ಸಾಕುವ ಹೆಗಾರ್ಟಿಯ ಹೊಲದಲ್ಲಿ ಮಳೆಮಾಪಕ ನೆಟ್ಟಿತ್ತು. ಮಳೆ ಮಿತಿ ಮೀರಿದ ಕ್ಷಣವೇ ಅದು ಲೆಸ್‌ನ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತಿತ್ತು. ಕಂಪ್ಯೂಟರು ಯಾರನ್ನೂ ಕೇಳದೆ ಆರ್ಡರು ನಿಲ್ಲಿಸಿ, ಅರ್ಧ ಗಂಟೆಯಲ್ಲಿ ಲಾರಿಯವನಿಗೂ ಗಿರಾಕಿಗೂ ತಿಳಿಸಿಬಿಡುತ್ತಿತ್ತು. ಮಗಳು ಬ್ರಿಯೋನಿ ಅದನ್ನು ವೆಬ್‌ಹುಕ್ ಎನ್ನುತ್ತಿದ್ದಳು. ಲೆಸ್ ಚಾಡಿಕೋರ ಎನ್ನುತ್ತಿದ್ದ.

ಸಗಣಿ ವಿಷಯಕ್ಕೆ ಹೆಗಾರ್ಟಿ ಮೇಲೆ ದೂರು ಕೊಟ್ಟವನೇ ಲೆಸ್. ಅದಾದ ಮೇಲೆ ಎರಡು ಸಲ, ಇಲ್ಲಿ ಬಿಸಿಲು ಸುಡುತ್ತಿರುವಾಗಲೇ ಆರ್ಡರು ನಿಂತವು. ಅವನಿಗೆ ಅನುಮಾನದ ಹುಳ ಹೊಕ್ಕಿತು. ಬುಧವಾರ ಸಂಜೆ, ಮಾರನೇ ದಿನ ಹಿರಿಯರ ಕ್ಲಬ್ಬಿನ ಊಟಕ್ಕೆ ಐವತ್ತು ಡಜನ್ ಕಳಿಸಬೇಕಿದ್ದಾಗ, ಮತ್ತೆ ಚಾಡಿ ಬಂತು.

"ಆಕಾಶ ನೋಡು, ಒಂದು ತುಣುಕು ಮೋಡ ಇದೆಯಾ? ಆ ಕಳ್ಳ ಪೈಪ್ ಹಿಡ್ಕೊಂಡು ಡಬ್ಬಿಗೆ ನೀರು ಬಿಡ್ತಿದಾನೆ. ಕಿತ್ತುಹಾಕು ಆ ಚಾಡಿಕೋರನ ಕೊಂಡೀನ!"

"ಅಪ್ಪಾ, ಒಂದು ಫೋನ್ ಮಾಡಿ ಕೇಳಬಾರದಾ?"

"ಕಳ್ಳನ್ನೇ ಕೇಳ್ಬೇಕಾ? ಚೆನ್ನಾಗಿದೆ!"

ಬ್ರಿಯೋನಿ ಗೊಣಗುತ್ತಲೇ, ಗಿರಾಕಿಗೆ ಸುದ್ದಿ ಹೋಗುವ ಮೊದಲೇ ಕೊಂಡಿ ಕಡಿದು, ನಿಂತ ಆರ್ಡರನ್ನು ಮತ್ತೆ ಬಿಟ್ಟಳು. ಬೆಳಿಗ್ಗೆ ಲೆಸ್ ನೀರು ಮೂಸಿ ನೋಡಿದ, ಎಂದಿನ ಉಪ್ಪುವಾಸನೆ. ಸಿಂಪಿ ಎತ್ತಿ, ಲಾರಿ ಕಳಿಸಿ, ಮಧ್ಯಾಹ್ನದ ಹೊತ್ತಿಗೆ ಹೆಗಾರ್ಟಿಯನ್ನು ಪೈಪಿನ ಸಮೇತ ಹಿಡಿಯಲು ಹೊರಟ.

ಹತ್ತು ಮೈಲಿ ಮೇಲೆ ಬೇಲಿ ಮಲಗಿತ್ತು. ಹೆಗಾರ್ಟಿ ಮೊಣಕಾಲುದ್ದದ ಕೆಸರಲ್ಲಿ ನಿಂತು ಸತ್ತ ಕರುವೊಂದನ್ನು ಎಳೆಯುತ್ತಿದ್ದ.

"ನಿನ್ನೆ ಸಂಜೆ ಏನು ಸುರೀತು ಮಾರಾಯ! ಮೂರು ಕರು ಹೋದ್ವು. ನಿಮಗೆ ಸುದ್ದಿ ಬಂದಿರಬೇಕಲ್ಲ?"

ಲೆಸ್ ಅಲ್ಲೇ ನಿಂತು ಕ್ಲಬ್ಬಿನ ಅಡುಗೆಯವಳು ನೋರೀನ್‌ಗೆ ಫೋನ್ ಹಚ್ಚಿದ.

"ಸಿಂಪಿ ಬಡಿಸ್ಬೇಡ! ಎಲ್ಲಾ ಎಸೆದುಬಿಡು!"

"ಅಯ್ಯೋ ಲೆಸ್, ಒಂದು ಮೇಜಿನವರು ತಿಂದಾಯ್ತಲ್ಲ. ನಿಮ್ಮ ಹೆಸರು ನೋಡಿ ನಾನೂ ಏನೂ ಕೇಳಲಿಲ್ಲ. ಏನಾಗಿದೆ ಅದಕ್ಕೆ?"

ಹೆಗಾರ್ಟಿ ಕರುವಿನ ಕಾಲು ಬಿಟ್ಟು ಲೆಸ್‌ನನ್ನೇ ನೋಡುತ್ತಿದ್ದ. ಲೆಸ್ ಅವನೆದುರೇ ಫೋನಿಗೆ ಹೇಳಿದ.

"ಡಾಕ್ಟರನ್ನ ಕರೆಸು, ನೋರೀನ್. ಹೊಳೆ ಕೆಟ್ಟಿದೆ ಅಂತ ನಿನ್ನೇನೇ ಸುದ್ದಿ ಬಂದಿತ್ತು, ಲೆಸ್‌ನೇ ಬೇಕಂತ ತಡೆದ ಅಂತ ಹೇಳು. ನನ್ನ ಹೆಸರು ಹಿಡಿದೇ ಹೇಳು."