ತುಂಬಾ ದಣಿದ ಹಾಗೆ ಕಂಡಿರಿ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಏಳು ಮಹಡಿಯ ಕಟ್ಟಡದ ನೆತ್ತಿಯಲ್ಲಿದ್ದ ಮೋಟಾರು ಕೋಣೆಯೊಳಗೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು, ಲಿಫ್ಟು ರಿಪೇರಿಯ ಲಿಫ್ಟಣ್ಣ ತನ್ನ ಹೆಂಡತಿಗೆ ಬೇರೊಬ್ಬ ಗಂಡಸಾಗಿ ಸಂದೇಶ ಬರೆಯುತ್ತಿದ್ದ. ಹಳೆಯ ಫೋನು, ಅವಳಿಗೆ ಗೊತ್ತಿಲ್ಲದ ನಂಬರು. ‘ನಿನ್ನೆ ನಿಮ್ಮ ಅಂಗಡಿಗೆ ಬಂದಿದ್ದೆ. ತುಂಬಾ ದಣಿದ ಹಾಗೆ ಕಂಡಿರಿ. ನಡುನಡುವೆ ಸ್ವಲ್ಪ ಕೂತುಕೊಳ್ಳಿ.’ ಮತ್ತೊಮ್ಮೆ ಓದಿ, ಕೈಯ ಗ್ರೀಸನ್ನು ಚಿಂದಿಗೆ ಒರೆಸಿ, ಕಳಿಸಿಬಿಟ್ಟ.

ಲಿಫ್ಟಿನ ಬ್ರೇಕನ್ನು ನಂಬುವ ಮೊದಲು ಅದು ಹೊರಬೇಕಾದ್ದಕ್ಕಿಂತ ಕಾಲುಪಾಲು ಹೆಚ್ಚು ಭಾರ ತುಂಬಿ ಇಳಿಬಿಟ್ಟು ನೋಡುತ್ತಾರೆ. ಹಿಡಿದು ನಿಂತರೆ ಒಳ್ಳೆಯ ಬ್ರೇಕು. ಅರ್ಧ ಆಯುಷ್ಯವನ್ನು ಇದೇ ಕಸುಬಿನಲ್ಲಿ ಕಳೆದವನಿಗೆ, ಹೆಂಡತಿಯನ್ನೂ ಹೀಗೆ ಭಾರ ಹಾಕಿ ನೋಡಬಹುದು ಎನಿಸಿತು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಸಂಜೆ ತಡವಾಗಿ ಬರುತ್ತಿದ್ದಳು. ಒಮ್ಮೊಮ್ಮೆ ಫೋನು ನೋಡಿ ತನ್ನಷ್ಟಕ್ಕೆ ನಗುತ್ತಿದ್ದಳು. ಯಾರ ಜೊತೆ ಮಾತು ಎಂದು ಕೇಳುವುದು, ಹೇಳಿದ್ದನ್ನು ನಂಬದಿರುವುದು, ಬಾಗಿಲು ಧಡಾರನೆ ಎಳೆದುಕೊಳ್ಳುವುದು, ಮನೆಯ ದಿನಚರಿ ಇಷ್ಟಕ್ಕೆ ಬಂದು ನಿಂತಿತ್ತು.

ಮೊದಲ ಸಂದೇಶಕ್ಕೆ ಉತ್ತರ ಬರಲಿಲ್ಲ. ಬ್ರೇಕು ಹಿಡಿದಿತ್ತು, ಅಲ್ಲಿಗೇ ಬಿಡಬಹುದಿತ್ತು. ಆದರೆ ರಾತ್ರಿ ಊಟದ ಹೊತ್ತಿಗೆ ಅವಳು ಅದರ ಸುದ್ದಿ ಎತ್ತಲಿಲ್ಲವಲ್ಲ, ಮುಚ್ಚಿಡುತ್ತಿದ್ದಾಳೆ ಎಂದು ಲೆಕ್ಕ ಹಾಕಿದ. ಮರುದಿನ ಅದೇ ಧಾಟಿಯ ಇನ್ನೊಂದು ಕಳಿಸಿದ. ಮಧ್ಯಾಹ್ನ ಉತ್ತರ ಬಂತು: ‘ನೀವು ಯಾರೋ ಗೊತ್ತಿಲ್ಲ. ಇನ್ನು ಬರೆಯಬೇಡಿ. ಆದರೂ ಥ್ಯಾಂಕ್ಸ್. ದಣಿದಿದ್ದೀನಿ ಅಂತ ಗುರುತಿಸಿದ್ದು ನೀವೊಬ್ಬರೇ.’

ಆ ಸಂಜೆ ಅವನು ಆ ಹಳೆಯ ಫೋನನ್ನು ಮೇಜಿನ ಮೇಲೆ ಕುಕ್ಕಿ ಕೂಗಾಡಿದ. ಒಂದು ತಟ್ಟೆ ಗೋಡೆಗೆ ಬಡಿದು ಚೂರಾಯಿತು. ಅವಳು ಅಳಲಿಲ್ಲ. ಫೋನನ್ನು ಕೈಗೆತ್ತಿಕೊಂಡು ಸಂದೇಶಗಳನ್ನು ಓದಿ, “ಇದನ್ನ ಬರೆದಿದ್ದು ನೀವಾ?” ಎಂದಳು. ಬೆಳಗಾದ ಮೇಲೆ ಮಗಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದಳು.

ಕರೆಯಲು ಹೋದವನನ್ನು ಅಕ್ಕ ಹೊಸ್ತಿಲಲ್ಲೇ ನಿಲ್ಲಿಸಿದಳು. ಅವಳ ನಾಲಗೆ ಮೊದಲೇ ಹರಿತ. “ಲಿಫ್ಟ್ ಕೆಟ್ರೆ ಜನ ನಿನ್ನನ್ನ ಕರೀತಾರಲ್ಲಪ್ಪ, ನೀನು ಕೆಟ್ರೆ ಯಾರನ್ನ ಕರೀಬೇಕು?” ಎಂದು ಕೇಳಿ, ಸಂಸಾರದ ತೊಡಕು ಬಿಡಿಸುವ ಆಪ್ತ ಸಲಹೆಗಾರ್ತಿಯೊಬ್ಬರ ವಿಳಾಸ ಕೊಟ್ಟಳು. ಅಲ್ಲಿಗೆ ಹೋಗಿ ಕೂತರಷ್ಟೇ ತಂಗಿ ವಾಪಸು ಬರುವ ಮಾತು.

ಔಷಧದಂಗಡಿಯ ಮೇಲಿನ ಸಣ್ಣ ಕೋಣೆ. ನಾಲ್ಕು ಕುರ್ಚಿ, ಒಂದು ಟೇಬಲ್ ಫ್ಯಾನು. ಲಿಫ್ಟಣ್ಣ ಮೊದಲ ವಾರಗಳಲ್ಲಿ ಆ ಉತ್ತರವನ್ನೇ ಸಾಕ್ಷಿಯೆಂದು ಹಿಡಿದು ವಾದಿಸಿದ. ಮೇಡಂ ಅವನನ್ನು ತಡೆಯಲಿಲ್ಲ, ತಪ್ಪು ಯಾರದೆಂದೂ ಹೇಳಲಿಲ್ಲ. ಸಿಟ್ಟು ಬರುವ ಮೊದಲು ಮೈಯಲ್ಲಿ ಎಲ್ಲಿ ಗೊತ್ತಾಗುತ್ತದೆ ಎಂದು ವಿಚಾರಿಸಿದರು. ಕಿವಿ ಬಿಸಿಯಾಗುತ್ತದೆ ಎಂದ. ಹಾಗಾದರೆ ಕಿವಿ ಬಿಸಿಯಾದ ಕೂಡಲೇ, ಎಷ್ಟು ಹೊತ್ತಿಗೆ ಬರುತ್ತೇನೆಂದು ಹೇಳಿ ಹೊರಗೆ ಹೋಗಬೇಕು, ಹೇಳಿದ ಹೊತ್ತಿಗೆ ಬರಬೇಕು ಎಂದರು.

“ಮನೆಯಿಂದ ಆಚೆ ಹೋಗೋದಕ್ಕೂ ಫೀಸ್ ಕೊಡ್ಬೇಕಾ ಮೇಡಂ?”

“ಹೋಗೋದು ಫ್ರೀ. ಫೀಸು ವಾಪಸ್ ಬರೋದಕ್ಕೆ.”

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹೆಂಡತಿಗೆ ಮೊದಲ ಸಲ ನಗು ಬಂತು. ಅದೇ ಉಸಿರಿನಲ್ಲಿ ಅವಳು, ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಹತ್ತಿರ ಇವರು ಬಾಗಿಲಾಚೆಯಿಂದ ಎಷ್ಟು ಮೆತ್ತಗೆ ಮಾತಾಡುತ್ತಾರೆ, ಹೆದರಬೇಡಿ, ನಾನಿದ್ದೇನೆ ಎನ್ನುತ್ತಾರೆ ಎಂದಳು. “ನನಗೂ ಒಂದಿನ ಲಿಫ್ಟಲ್ಲಿ ಸಿಕ್ಕಿಹಾಕ್ಕೋಬೇಕು ಅನ್ಸುತ್ತೆ ಮೇಡಂ.”

ಅವನು ಕಿಟಕಿಯ ಕಡೆ ತಿರುಗಿ ಕುಳಿತ. ಆದರೂ ಮುಂದಿನ ಭಾನುವಾರ ಅಕ್ಕನ ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗ ಎದ್ದು, ಹೇಳಿಯೇ ಹೊರಗೆ ಹೋದ. ಹೇಳಿದ ಹೊತ್ತಿಗೇ ಬಂದ.

ಒಂದು ವಾರ ಮಗಳನ್ನೂ ಕರೆಸಿದರು. ಹನ್ನೆರಡು ವರ್ಷದ ಹುಡುಗಿ. ಸ್ವಂತ ಮನೆಯಲ್ಲಿದ್ದಾಗ ನಿನಗೆ ಕಷ್ಟವಾಗುತ್ತಿದ್ದದ್ದು ಯಾವುದು ಎಂದು ಕೇಳಿದರೆ, ಏನೂ ಇಲ್ಲ ಎಂದಳು. ಆಮೇಲೆ, “ಅಪ್ಪ ಊಟಕ್ಕೆ ಕೂರೋದರೊಳಗೆ ನಾನು ತಿಂದು ಮುಗಿಸಿಬಿಡ್ತಿದ್ದೆ,” ಎಂದಳು. ಲಿಫ್ಟಣ್ಣನ ಅಪ್ಪನೂ ಊಟದ ಹೊತ್ತಿಗೇ ಅಮ್ಮನನ್ನು ವಿಚಾರಣೆಗೆ ಎಳೆಯುತ್ತಿದ್ದ. ಆಗ ಹುಡುಗನಾಗಿದ್ದ ಅವನೂ ಗಬಗಬ ನುಂಗಿ ಎದ್ದುಬಿಡುತ್ತಿದ್ದ. ಈಗಲೂ ಅವನು ಉಣ್ಣುವುದು ಹಾಗೆಯೇ. ಇದನ್ನು ಅಲ್ಲಿಯ ತನಕ ಯಾರಿಗೂ ಹೇಳಿರಲಿಲ್ಲ. ಆವತ್ತು ತಡವರಿಸುತ್ತ ಹೇಳಿದ, ಮಗಳ ಮುಂದೆಯೇ.

ಆ ಉತ್ತರದ ಮಾತು ಮತ್ತೆ ಬಂದದ್ದು ಇನ್ನೂ ಕೆಲವು ವಾರಗಳ ಮೇಲೆ. ಯಾಕೆ ಬರೆದಿರಿ ಎಂದು ಮೇಡಂ ಹೆಂಡತಿಯನ್ನು ಕೇಳಿದರು. ಅಂಗಡಿಯಲ್ಲಿ ದಿನವಿಡೀ ನಿಂತೇ ಇರಬೇಕು, ಮನೆಗೆ ಬಂದರೆ ವಿಚಾರಣೆ. ಯಾರೋ ಒಬ್ಬರು ಕೂತುಕೋ ಎಂದರಲ್ಲ, ಅಷ್ಟಕ್ಕೇ ಕಣ್ಣು ತುಂಬಿತು ಎಂದಳು. ಆಮೇಲೆ ಗಂಡನ ಕಡೆ ನೋಡದೆ, “ಅಂಥ ಮನುಷ್ಯನೇ ಇಲ್ಲ ಅಂತ ಗೊತ್ತಾಯ್ತಲ್ಲ, ಮೇಡಂ, ತಟ್ಟೆ ಒಡೆದಿದ್ದಕ್ಕಿಂತ ಅದೇ ಜಾಸ್ತಿ ನೋವಾಗಿದ್ದು,” ಎಂದಳು.

ಫ್ಯಾನು ಅತ್ತಿಂದಿತ್ತ ತಿರುಗುತ್ತಿತ್ತು. ಮೇಡಂ ಅವನನ್ನು ಕೇಳಿದರು: ದಣಿದ ಹಾಗೆ ಕಂಡಿರಿ ಅಂತ ಬರೆದಿರಲ್ಲ, ಅದು ಸುಳ್ಳಾ? ಇಲ್ಲ ಎಂದ. ಬರೆಯುವ ಹಿಂದಿನ ದಿನ ಅಂಗಡಿಯ ಎದುರಿನ ಫುಟ್‌ಪಾತಿನಲ್ಲಿ ಅವಳನ್ನು ಕಾಯುತ್ತ ನಿಂತಿದ್ದ. ಯಾರಾದರೂ ಬರುತ್ತಾರೇನೋ ನೋಡಲು. ಯಾರೂ ಬರಲಿಲ್ಲ. ಅವಳು ಗಾಜಿನ ಕಪಾಟಿಗೆ ಒರಗಿ, ಒಂದು ಕಾಲನ್ನು ಚಪ್ಪಲಿಯಿಂದ ಬಿಡಿಸಿ ಹಿಮ್ಮಡಿ ಒತ್ತಿಕೊಳ್ಳುತ್ತಿದ್ದಳು. ಅದನ್ನು ನೋಡಿಯೇ ಬರೆದದ್ದು.

ಅವಳು ಮನೆಗೆ ಬಂದದ್ದು ಮುಂದಿನ ತಿಂಗಳು. ಅಕ್ಕನ ಮನೆಯ ಮೆಟ್ಟಿಲಲ್ಲಿ ಪೆಟ್ಟಿಗೆ ಎತ್ತಿಕೊಂಡಾಗಲೇ ಲಿಫ್ಟಣ್ಣನ ಕೈಗೆ ಭಾರ ಕಡಿಮೆಯೆಂದು ತಿಳಿಯಿತು. ಹೋಗುವಾಗ ಒಯ್ದ ಬಟ್ಟೆಯಲ್ಲಿ ಅರ್ಧವನ್ನು ಅಲ್ಲೇ ಬಿಟ್ಟಿದ್ದಳು. ಹಿಂದಿನ ಲಿಫ್ಟಣ್ಣನಾಗಿದ್ದರೆ ಯಾಕೆ ಎಂದು ಬೀದಿಯಲ್ಲೇ ಶುರುಮಾಡುತ್ತಿದ್ದ. ಈಗ ಕಿವಿ ಬಿಸಿಯಾಗಲಿಲ್ಲ. ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿ ಮೆಟ್ಟಿಲಿಳಿದ, ಅಷ್ಟೆ. ಮಗಳು ಈಗ ಅವನ ಜೊತೆ ಕೂತು ಉಣ್ಣುತ್ತಾಳೆ, ನಿಧಾನವಾಗಿ. ಹೆಂಡತಿ ಮಾತಾಡುತ್ತಾಳೆ, ಮಲಗುವಾಗ ಮಾತ್ರ ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾಳೆ. ಅವನು ನೋಡುತ್ತಾನೆ, ಕೇಳುವುದಿಲ್ಲ.

ಇಷ್ಟಾದರೂ ಅವಳು ಬಂದದ್ದು ಅವನ ಆಣೆ ಪ್ರಮಾಣಗಳಿಗಲ್ಲ ಎಂದು ಅವನಿಗೆ ಗೊತ್ತು. ಅವನ್ನೆಲ್ಲ ಅವಳು ಎಷ್ಟೋ ಸಲ ಕೇಳಿದ್ದಳು. ಫುಟ್‌ಪಾತಿನ ಸಂಗತಿ ಹೇಳಿ ಮುಗಿಸಿದ ದಿನ ಮೇಡಂ ಇನ್ನೊಂದು ಪ್ರಶ್ನೆ ಕೇಳಿದ್ದರು: ಮದುವೆಯಾದಂದಿನಿಂದ ದಣಿದಿದ್ದೀಯ, ಕೂತುಕೋ ಅನ್ನೋ ಈ ಮಾತನ್ನ ನಿಮ್ಮ ಸ್ವಂತ ಹೆಸರಲ್ಲಿ ಇವರಿಗೆ ಎಷ್ಟು ಸಲ ಹೇಳಿದ್ದೀರಿ? ಅವನು ತಲೆ ತಗ್ಗಿಸಿ ವರ್ಷಗಳನ್ನೆಲ್ಲ ಹುಡುಕಿದ. ಮಗಳು ಹುಟ್ಟಿದ ದಿನ, ಹೆಂಡತಿ ಜ್ವರ ಬಂದು ಮಲಗಿದ್ದ ವಾರ, ಮನೆ ಬದಲಾಯಿಸಿದ ಸಂಜೆ. ಎಲ್ಲೂ ಸಿಗಲಿಲ್ಲ. ಆಗ ಮೇಡಂ ಕಡೆ ತಿರುಗದೆ, ಹೆಂಡತಿಯ ಮುಖ ನೋಡಿಕೊಂಡೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದ: “ಸೊನ್ನೆ.”